ಮೂರು ನಿಮಿಷದ ತಾಸು

ಬಾಗಲಕೋಟೆಯ ನವನಗರದ ಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಹೊರಕೋಣೆಯಲ್ಲಿ ಅವಳ ಮಗ ‘ಸ್ಕೈರಿಮ್’ ಎಂಬ ವಿಡಿಯೊ ಗೇಮ್ ಆಡುತ್ತಿದ್ದ. 2011ರಲ್ಲಿ ಬಂದ ಈ ಆಟದ ಗಡಿಯಾರ ನಮ್ಮದಕ್ಕಿಂತ 20 ಪಟ್ಟು ವೇಗವಾಗಿ ಓಡುತ್ತದೆ. ನಮ್ಮ 3 ನಿಮಿಷ ಅಲ್ಲಿ ಒಂದು ತಾಸು; 72 ನಿಮಿಷಕ್ಕೆ ಒಂದು ಹಗಲು, ಒಂದು ರಾತ್ರಿ ಮುಗಿದೇ ಹೋಗುತ್ತವೆ. ಅಕ್ಕ ಒಂದು ರೊಟ್ಟಿ ಬಡಿದು ಹಂಚಿನಿಂದ ಇಳಿಸುವಷ್ಟರಲ್ಲಿ ಅಲ್ಲಿನ ಅಂಗಡಿಯವನು ಬಾಗಿಲು ಹಾಕಿಕೊಂಡಿದ್ದ. “ಇನ್ನು ಬೆಳಗಾಗುವ ತನಕ ಕಾಯಬೇಕು, ಮಾಮಾ” ಎಂದು ಹುಡುಗ ಮುಖ ಸಣ್ಣದು ಮಾಡಿದ. ಇಲ್ಲದ ಅಂಗಡಿ ಮುಚ್ಚಿತೆಂದು ಬೇಸರವಾಗಬೇಕಾದರೆ, ಮನಸ್ಸು ಅದನ್ನು ಆಗಲೇ ನಿಜವೆಂದು ಒಪ್ಪಿರಬೇಕು.

ತಲ್ಲೀನತೆಯ ಗುಟ್ಟು ಗಡಿಯಾರದ ವೇಗದಲ್ಲಿಲ್ಲ, ಆ ಬೇಸರದಲ್ಲಿದೆ ಎಂಬುದು ನನ್ನ ನಂಬಿಕೆ. 1988ರ ‘ಅಲ್ಟಿಮಾ 5’ ಎಂಬ ಆಟ ತನ್ನೊಳಗಿನ ಊರಿನ ಜನರಿಗೆ ಏಳುವ, ದುಡಿಯುವ, ಉಣ್ಣುವ, ಮಲಗುವ ಹೊತ್ತುಗಳನ್ನು ಗೊತ್ತುಮಾಡಿತ್ತು. ಅವರು ನಮಗಾಗಿ ಕಾಯದೆ ತಮ್ಮ ಪಾಡಿಗೆ ತಾವು ಬದುಕುತ್ತಾರೆ ಎನ್ನಿಸಿದಾಗಲೇ ಊರಿಗೆ ಜೀವ ಬರುತ್ತದೆ.

ಆಡುವವನ ತಲೆಯೊಳಗೂ ಒಂದು ಲೆಕ್ಕ ನಡೆದಿರುತ್ತದೆ. ಹೊತ್ತು ಎಷ್ಟಾಯಿತೆಂದು ಅಳೆಯಲು ಮಿದುಳಿಗೆ ಗಮನ ಬೇಕು. ಗಮನವೆಲ್ಲ ಕತ್ತಿವರಸೆಯಲ್ಲಿದ್ದರೆ ಎಣಿಕೆ ತಪ್ಪುತ್ತದೆ. ಎರಡು ತಾಸು ಅರ್ಧ ತಾಸಿನಂತೆ ಜಾರುತ್ತದೆ. ಆಮೇಲೆ ನೆನೆಯುವಾಗ ಮಾತ್ರ ಲೆಕ್ಕ ತಿರುವುಮುರುವು. ನೆನಪು ಕಾಲವನ್ನು ಬದಲಾವಣೆಗಳಿಂದ ಅಳೆಯುತ್ತದೆ. ಹಿಮ ಬಿದ್ದ ಕಣಿವೆ, ಕತ್ತಲಾದ ಕಾಡು, ಹೊಸ ಊರು ಹೀಗೆ ಕಂಡದ್ದು ಹೆಚ್ಚಿದಷ್ಟೂ ಅದೇ ಎರಡು ತಾಸು ದೀರ್ಘ ಪ್ರಯಾಣವಾಗಿ ಉಳಿಯುತ್ತದೆ.

ಹಾಗಾಗಿ ಏನೂ ಬದಲಾಗದ ಕಡೆ ಮಾಯೆ ಕಳಚುತ್ತದೆ. ಡ್ರ್ಯಾಗನ್ ಜಗತ್ತನ್ನೇ ನುಂಗಲಿದೆ, ಬೇಗ ಬಾ ಎಂದು ಸ್ಕೈರಿಮ್ ಕೂಗುತ್ತದೆ; ನಾಯಕ ನೂರು ದಿನ ಹೂವು ಕೀಳುತ್ತ ಅಲೆದರೂ ಡ್ರ್ಯಾಗನ್ ತಾಳ್ಮೆಯಿಂದ ಕಾಯುತ್ತದೆ. 2000ದ ‘ಮಜೋರಾಸ್ ಮಾಸ್ಕ್’ ಎಂಬ ಸಾಹಸದ ಆಟ ಹಾಗೆ ಬಿಡಲಿಲ್ಲ. ಮೂರು ದಿನದೊಳಗೆ, ಅಂದರೆ ನಮ್ಮ 54 ನಿಮಿಷದೊಳಗೆ, ಚಂದ್ರ ಊರಿನ ಮೇಲೆ ಬೀಳುತ್ತಾನೆ. ಕಾಲವನ್ನು ಹಿಂದಕ್ಕೆ ತಿರುಗಿಸದಿದ್ದರೆ ಎಲ್ಲವೂ ಮುಗಿಯಿತು. ಗಾಬರಿ ನಿಜ, ಆದರೆ ನಿಂತು ಸುತ್ತ ನೋಡುವ ನೆಮ್ಮದಿ ಅಲ್ಲಿಲ್ಲ. ಈ ಹಗ್ಗದ ಮೇಲಿನ ನಡಿಗೆ ಸುಲಭವಲ್ಲ.

ಬಾಗಲಕೋಟೆಯವರಿಗೆ ಕಾಲದ ಗುರುತನ್ನು ಯಾರೂ ಹೇಳಿಕೊಡಬೇಕಿಲ್ಲ. ಅಕ್ಕ ಆಡಿ ಬೆಳೆದ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಅದಕ್ಕೇ ಈ ನವನಗರ. ಊಟಕ್ಕೆ ಕುಳಿತಾಗ ಹುಡುಗ ಆಟದಲ್ಲಿ ತಾನು ಮೊದಲು ಕಾಲಿಟ್ಟ ಹಳ್ಳಿಯ ಮಾತು ತೆಗೆದ. ಮರ ಕೊಯ್ಯುವ ಗಿರಣಿ, ಡ್ರ್ಯಾಗನ್ ಕಂಡೆ ಎನ್ನುವ ಮುದುಕಿ, ಬೀದಿಯಲ್ಲಿ ಓಡುವ ಮಕ್ಕಳು.

“ನಾನು ಏಳನೆಯ ತರಗತಿಯಲ್ಲಿದ್ದಾಗ ಆ ಹಳ್ಳಿಯ ಹುಡುಗ ನನ್ನಷ್ಟೇ ಇದ್ದ, ಮಾಮಾ. ಈಗಲೂ ಅಷ್ಟೇ ಇದ್ದಾನೆ.”