ಹುಡಿ ನೋಡಿ ಹಲ್ಲು ಮಸೆಯಿರಿ

ಮಳೆಗಾಲದ ಗಾಳಿಗೆ ತೋಟದ ಸಿಲ್ವರ್ ಓಕ್ ಮುರಿದು ಬಿದ್ದರೆ, ಮಲೆನಾಡಿನಲ್ಲಿ ಮರುದಿನ ಕೇಳುವುದು ಚೈನ್ ಗರಗಸದ ಸದ್ದು. ಮಷಿನ್ ಹೇಗಿದೆ ಎಂದು ತಿಳಿಯಲು ಸದ್ದಿಗಿಂತ ಹುಡಿ ನೋಡಬೇಕು. ಎಂಜಿನ್ ನಿಲ್ಲಿಸಿ ಒಂದು ಹಿಡಿ ಎತ್ತಿಕೊಳ್ಳಿ. ಅವಲಕ್ಕಿಯಂಥ ಚಕ್ಕೆ ಇದ್ದರೆ ಸರಿ. ರಾಗಿಹಿಟ್ಟಿನಂತೆ ನುಣ್ಣಗಿದ್ದರೆ ಹಲ್ಲು ಮೊಂಡಾಗಿದೆ. ಮೊಂಡು ಹಲ್ಲಿನಿಂದ ಕೊಯ್ಯುವವನು ಮಷಿನನ್ನು ಒತ್ತುತ್ತಾನೆ, ದಣಿಯುತ್ತಾನೆ, ಕೈ ತಪ್ಪುವುದು ಆಗಲೇ.

ಈ ಹಲ್ಲಿನ ವಿನ್ಯಾಸ ಹೊಳೆದದ್ದು ಒಂದು ಹುಳುವಿನಿಂದ. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಬ್ಯುಫೋರ್ಡ್ ಕಾಕ್ಸ್ ಎಂಬಾತ, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತ ಸಾಗುವುದನ್ನು ಗಮನಿಸಿದ. ಇಂದಿನ ಚೈನಿನಲ್ಲೂ ಹಲ್ಲುಗಳು ಒಂದು ಎಡ, ಒಂದು ಬಲ.

ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ಉಬ್ಬು ಇರುತ್ತದೆ. ಹೆಚ್ಚಿನ ಚೈನುಗಳಲ್ಲಿ ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗು. ಚಕ್ಕೆ ಎಷ್ಟು ದಪ್ಪ ಏಳಬೇಕೆಂದು ನಿರ್ಧರಿಸುವುದು ಈ ಕೂದಲೆಳೆಯ ಅಂತರವೇ. ಹಲ್ಲಿನ ಬೆನ್ನು ಹಿಂದಕ್ಕೆ ಇಳಿಜಾರು. ಗುಂಡು ಅರದಿಂದ ಮಸೆದಷ್ಟೂ ತುದಿ ಹಿಂದೆ ಸರಿದು ತಗ್ಗುತ್ತದೆ, ಉಬ್ಬು ಮಾತ್ರ ಹಾಗೆಯೇ ನಿಂತಿರುತ್ತದೆ. ಆಗ ಹಲ್ಲು ಎಷ್ಟು ಹರಿತವಿದ್ದರೂ ಮರಕ್ಕೆ ಇಳಿಯದು. ಇದು ತಿಳಿಯದೆ ಒಳ್ಳೆಯ ಚೈನನ್ನೇ ಗುಜರಿಗೆ ಹಾಕುವುದನ್ನು ಕಂಡಾಗ ಸಂಕಟವಾಗುತ್ತದೆ. ನಾಲ್ಕೈದು ಸಲ ಮಸೆದ ಮೇಲೆ ಈ ಅಂತರ ಅಳೆಯುವ ಗೇಜ್ ಇಟ್ಟು, ಚಪ್ಪಟೆ ಅರದಿಂದ ಉಬ್ಬನ್ನು ತುಸುವೇ ಇಳಿಸಿ.

ಹೆಚ್ಚು ಇಳಿಸಿದರೆ ಹಲ್ಲು ಆಳಕ್ಕೆ ಕಚ್ಚುತ್ತದೆ, ಮಷಿನ್ ಒದೆಯುತ್ತದೆ. ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿಯೇ ಬಾರು. ಅದರ ತುದಿಯ ಮೇಲ್ಭಾಗ ಮರಕ್ಕೆ ತಗುಲಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಬಾರು ಮುಖದತ್ತ ಎಗರುತ್ತದೆ. ಹಿಡಿಯ ಮುಂದಿನ ಬ್ರೇಕ್ ಇರುವುದು ಇದಕ್ಕಾಗಿಯೇ. ಅದನ್ನು ದಿನವೂ ಪರೀಕ್ಷಿಸಿ. ಆಕ್ಸಿಲರೇಟರ್ ಬಿಟ್ಟಾಗಲೂ ಚೈನ್ ಓಡುತ್ತಿದ್ದರೆ ಐಡಲ್ ಸ್ಕ್ರೂ ತಿರುಗಿಸಿ ಎಂಜಿನ್ನಿನ ಖಾಲಿ ಓಟದ ವೇಗ ತಗ್ಗಿಸಿ. ಆಗಲೂ ನಿಲ್ಲದಿದ್ದರೆ ಕ್ಲಚ್ ಕೆಟ್ಟಿರಬಹುದು, ರಿಪೇರಿಯಾಗುವ ತನಕ ಆ ಮಷಿನ್ ಮುಟ್ಟಬೇಡಿ.

ಚೈನ್ ಬಿಗಿ ಮಾಡುವಾಗ ಎಂಜಿನ್ ನಿಂತಿರಲಿ, ಕೈಗೆ ಗವಸು ಇರಲಿ. ಬಾರಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದು ಸ್ಕ್ರೂ ತಿರುಗಿಸಿ. ಚೈನ್ ಕೆಳಗೆ ಜೋಲಬಾರದು, ಬ್ರೇಕ್ ಬಿಟ್ಟು ಕೈಯಿಂದ ಎಳೆದರೆ ಸಲೀಸಾಗಿ ಸರಿಯಬೇಕು. ಬಿಸಿಯಲ್ಲಿ ಹಿಗ್ಗಿದಾಗ ಬಿಗಿ ಮಾಡಿದ್ದರೆ ಸಂಜೆ ಸಡಿಲಿಸಿಯೇ ಇಡಿ. ರಾತ್ರಿ ತಣಿದು ಕುಗ್ಗುವ ಚೈನ್ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಶಾಫ್ಟನ್ನೇ ಜಗ್ಗುತ್ತದೆ.