ಒಂದು ಮದ್ದು ಎಳೆ ಕಟ್ಟಲು ಬಿಡದು, ಇನ್ನೊಂದು ಬಿಚ್ಚಲು ಬಿಡದು

ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆಯಲ್ಲಿ ಕ್ಯಾನ್ಸರ್ ಮದ್ದುಗಳಾದ ವಿನ್‌ಕ್ರಿಸ್ಟಿನ್‌ಗೂ ಪ್ಯಾಕ್ಲಿಟ್ಯಾಕ್ಸೆಲ್‌ಗೂ ಒಂದೇ ಉತ್ತರ ಬರೆದು ಬಂದೆ: ‘ಕದಿರೆಳೆಯನ್ನು ನಾಶ ಮಾಡುತ್ತದೆ.’ ಎರಡನೆಯದಕ್ಕೆ ಸೊನ್ನೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಯಲ್ಲಿ ಬೆಳೆದವಳು ನೂಲಿನ ಪ್ರಶ್ನೆಯಲ್ಲೇ ಎಡವಿದ್ದೆ. ನೀವು ಎಡವಬೇಡಿ ಅಂತ ಈ ಟಿಪ್ಪಣಿ.

ಮೊದಲು ಆ ಕದಿರೆಳೆಯನ್ನೇ (ಸ್ಪಿಂಡಲ್ ಎಳೆ) ನೋಡೋಣ. ಕೋಶ ಎರಡಾಗುವಾಗ ಡಿಎನ್‌ಎ ಹೊತ್ತ ವರ್ಣತಂತುಗಳನ್ನು ಎರಡು ಬದಿಗೆ ಒಯ್ಯುವ ಎಳೆ ಅದು. ಆಲ್ಫಾ, ಬೀಟಾ ಟ್ಯೂಬುಲಿನ್ ಎಂಬ ಪ್ರೋಟೀನ್ ಜೋಡಿಗಳು ಒಂದರ ಮೇಲೊಂದು ಕೂತು ಸರವಾಗುತ್ತವೆ. ಸಾಮಾನ್ಯವಾಗಿ ಅಂಥ 13 ಸರ ಸೇರಿದರೆ 25 ನ್ಯಾನೋಮೀಟರ್ ದಪ್ಪದ ಟೊಳ್ಳು ಕೊಳವೆ, ಅದೇ ಮೈಕ್ರೋಟ್ಯೂಬ್ಯೂಲ್. ಇದಕ್ಕೆ ಸುಮ್ಮನಿರುವುದು ಗೊತ್ತಿಲ್ಲ. ತುದಿ ಬೆಳೆಯುತ್ತೆ, ಥಟ್ಟನೆ ಕುಸಿಯುತ್ತೆ, ಮತ್ತೆ ಬೆಳೆಯುತ್ತೆ. ಬೆಳೆಯುವಾಗ ವರ್ಣತಂತುವನ್ನು ತಡಕಿ ಹಿಡಿಯುತ್ತದೆ, ಕರಗುವಾಗ ಅದನ್ನು ಧ್ರುವದ, ಅಂದರೆ ಕೋಶದ ಒಂದು ತುದಿಯ, ಕಡೆ ಒಯ್ಯುತ್ತದೆ. ಬಾವಿ ಹಗ್ಗವನ್ನು ಮೇಲಿನಿಂದ ಸೇದಿದ ಹಾಗಲ್ಲ. ಕೊಡ ಕಟ್ಟಿದ ತುದಿಯೇ ಸವೆಯುತ್ತಾ ಕೊಡ ಮೇಲೇರಿದ ಹಾಗೆ.

ವಿನ್‌ಕ್ರಿಸ್ಟಿನ್ ಬೀಟಾ ಟ್ಯೂಬುಲಿನ್‌ಗೆ ಅಂಟಿ ಹೊಸ ಜೋಡಿ ಸೇರದಂತೆ ತಡೆಯುತ್ತದೆ. ಇದು ಬಂದದ್ದು ನಮ್ಮ ಅಂಗಳದ ನಿತ್ಯಪುಷ್ಪದಿಂದ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಈ ಗಿಡವನ್ನು ಪರೀಕ್ಷಿಸಿದ್ದು ಸಕ್ಕರೆ ಕಾಯಿಲೆಗೆ. ಇಲಿಗಳಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು! ಆ ಜಾಡಿನಲ್ಲಿ ಮೊದಲು ಸಿಕ್ಕಿದ್ದು ವಿನ್‌ಬ್ಲಾಸ್ಟಿನ್. (ಹಾಗಂತ ಎಲೆ ಕಿತ್ತು ಅಗಿಯಬೇಡಿ, ವಿಷ.)

ಪೆಸಿಫಿಕ್ ಯೂ ಮರದ ತೊಗಟೆಯ ಪ್ಯಾಕ್ಲಿಟ್ಯಾಕ್ಸೆಲ್‌ನದು ತದ್ವಿರುದ್ಧ ದಾರಿ. ಅದೂ ಬೀಟಾ ಟ್ಯೂಬುಲಿನ್ನನ್ನೇ ಹಿಡಿಯುತ್ತದೆ, ಆದರೆ ಬೇರೆ ಜಾಗದಲ್ಲಿ, ಕೊಳವೆಯ ಒಳಗೋಡೆಯಲ್ಲಿ. ಕಟ್ಟಿದ್ದು ಬಿಚ್ಚದಂತೆ ಬಿಗಿಯುತ್ತದೆ. ಇದನ್ನು 1979ರಲ್ಲಿ ತೋರಿಸಿದವರು ಅಮೆರಿಕದ ಸಂಶೋಧಕಿ ಸೂಸನ್ ಹಾರ್ವಿಟ್ಜ್. ಗೂಡು ಸರಿಯಾಗಿ ಬೇಯದಿದ್ದರೆ ಅಂಟು ಬಿಡದೆ ಎಳೆ ಬರುವುದಿಲ್ಲವಲ್ಲ, ನನಗೆ ಅದೇ ನೆನಪಾಯಿತು. ಎಳೆ ಇದೆ, ಕೆಲಸಕ್ಕಿಲ್ಲ.

ಎರಡು ಮದ್ದಿನಲ್ಲೂ ಕೆಡುವುದು ಎಳೆಯ ಆ ಬೆಳೆದು ಕುಸಿಯುವ ಚಡಪಡಿಕೆ. ಒಂದೇ ಒಂದು ವರ್ಣತಂತು ಸರಿಯಾಗಿ ಎಳೆಗೆ ಸಿಗದಿದ್ದರೂ ಕೋಶದ ತಪಾಸಣಾ ವ್ಯವಸ್ಥೆ ಮುಂದಿನ ಹಂತಕ್ಕೆ ಬಿಡುವುದಿಲ್ಲ. ಹಾಗೇ ಸಿಕ್ಕಿಕೊಂಡ ಕೋಶ ಸಾಯಬಹುದು. ಪ್ಯಾಕ್ಲಿಟ್ಯಾಕ್ಸೆಲ್ ಕಡಿಮೆ ಪ್ರಮಾಣದಲ್ಲಿದ್ದರೆ ಕೋಶ ನಿಲ್ಲದೆಯೂ ಇರಬಹುದು. ಎರಡರ ಬದಲು ಮೂರು ನಾಲ್ಕು ಧ್ರುವ ಮಾಡಿಕೊಂಡು ವರ್ಣತಂತುಗಳನ್ನು ಅಡ್ಡಾದಿಡ್ಡಿ ಹಂಚಿ ಕೆಡುತ್ತದೆ.

ಕೋಶವನ್ನು ವಿಭಜನೆಯತ್ತ ದೂಡುವ ಸಿಡಿಕೆ 4 ಮತ್ತು 6 ಎಂಬ ಕಿಣ್ವಗಳನ್ನು ತಡೆಯುವ ಇನ್ನೊಂದು ಕ್ಯಾನ್ಸರ್ ಮದ್ದು ಪಾಲ್ಬೋಸಿಕ್ಲಿಬ್ ಎಳೆಯ ತಂಟೆಗೇ ಹೋಗದು. ಡಿಎನ್‌ಎ ನಕಲಾಗುವ ಮೊದಲೇ ಬಾಗಿಲು ಹಾಕುತ್ತದೆ. ಅದನ್ನು ಈ ಪಟ್ಟಿಗೆ ಸೇರಿಸಬೇಡಿ.

ವೈವಾದಲ್ಲಿ ಕೇಳುವ ಪ್ರಶ್ನೆ: ನರಕೋಶ ವಿಭಜನೆಯಾಗುವುದಿಲ್ಲ, ಮತ್ತೆ ವಿನ್‌ಕ್ರಿಸ್ಟಿನ್ ಪಡೆದವರ ಬೆರಳು ಯಾಕೆ ಜೋಮು ಹಿಡಿಯುತ್ತದೆ? ಬೆನ್ನುಹುರಿಯಿಂದ ಕಾಲ್ಬೆರಳವರೆಗೆ ಚಾಚಿದ ನರತಂತುವಿನೊಳಗೆ ಸಾಮಾನು ಸಾಗುವುದೂ ಇದೇ ಕೊಳವೆಗಳ ಮೇಲೆ. ಅತಿ ಉದ್ದದ ದಾರಿಯ ತುದಿಗೇ ಮೊದಲು ಪೆಟ್ಟು.