ಅಪ್‌ಡೇಟ್ ಬರುತ್ತಲೇ ಇರುವ ಕಾರಿಗೆ ಹೊಸ ವಿನ್ಯಾಸ ಯಾಕೆ ಬೇಕು?

ಪ್ರಶ್ನೆ: ನಮ್ಮ ಭಾವ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅವರ ಹತ್ತಿರ 2014ರ ಟೆಸ್ಲಾ ಮಾಡೆಲ್ ಎಸ್ ಇದೆ. ಪೂರ್ತಿ ಹೊಸ ವಿನ್ಯಾಸದ ಕಾರು ಬರಲಿ ಅಂತ ಎಷ್ಟೋ ವರ್ಷದಿಂದ ಕಾಯುತ್ತಿದ್ದರು. ಮೊಬೈಲ್ ತರಹ ಅಪ್‌ಡೇಟ್ ಬರುವ ಕಾರಿಗೆ ಹೊಸ ವಿನ್ಯಾಸ ಯಾಕೆ ಬೇಕು? – ಓದುಗರು, ಬಂಗಾರಪೇಟೆ

ಈ ಪ್ರಶ್ನೆ ನನಗೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಕಾರು ಅಂದರೆ ಚಕ್ರ ಇರುವ ಮೊಬೈಲ್ ಎಂದುಕೊಂಡವರು ಜಾಸ್ತಿ. ಅರ್ಧ ನಿಜ. ಉಳಿದ ಅರ್ಧ ಕಬ್ಬಿಣ, ತಾಮ್ರ, ಸೀಟು, ವೈರು. ಅವುಗಳಿಗೆ ಅಪ್‌ಡೇಟ್ ಬರುವುದಿಲ್ಲ.

ಮಾಡೆಲ್ ಎಸ್ ಗ್ರಾಹಕರ ಕೈ ಸೇರಿದ್ದು 2012ರ ಜೂನ್‌ನಲ್ಲಿ. ಆಗ ಅದು ನಿಜಕ್ಕೂ ಬೆರಗು ಹುಟ್ಟಿಸಿದ ಕಾರು. ಮಧ್ಯದಲ್ಲಿ 17 ಇಂಚಿನ ಸ್ಕ್ರೀನ್, ನೆಲದಡಿಯಲ್ಲಿ ಬ್ಯಾಟರಿ, ಮುಂದೆ ಎಂಜಿನ್ನೇ ಇಲ್ಲ. 2016ರಲ್ಲಿ ಮುಖ ಬದಲಾಯಿತು. 2021ರಲ್ಲಿ ಒಳಗಿನದೆಲ್ಲ ಬದಲಾಗಿ, ಮೂರು ಮೋಟರ್‌ಗಳ ಪ್ಲಾಡ್ ಅನ್ನುವ ಮಾದರಿ ಬಂತು. ಗಾಳಿಯನ್ನು ಸೀಳುವ ಗುಣವೂ ಸುಧಾರಿಸಿ, ಗಾಳಿಯ ತಡೆಯನ್ನು ಅಳೆಯುವ ಅಂಕಿ 0.24ರಿಂದ 0.208ಕ್ಕೆ ಇಳಿಯಿತು. ಆದರೆ ಅಸ್ಥಿಪಂಜರ, ಅಂದರೆ ಕಾರಿನ ಮೂಲ ಚೌಕಟ್ಟು, ಮಾತ್ರ 2012ರದ್ದೇ. ಭಾವನಂಥವರ ಆಸೆ ಇದ್ದದ್ದು ಆ ಅಸ್ಥಿಪಂಜರದ ಬಗ್ಗೆ.

ಮೊದಲ ಆಸೆ ವೋಲ್ಟೇಜ್‌ನದ್ದು. ಇದನ್ನು ನಮ್ಮ ಕೋಲಾರ ಜಿಲ್ಲೆಯವರಿಗೆ ಹೇಳುವುದು ಸುಲಭ. ಬೋರ್‌ವೆಲ್ ಇರುವ ಮನೆಯಲ್ಲಿ ಎಲ್ಲರಿಗೂ ಗೊತ್ತು: ವೋಲ್ಟೇಜ್ ಕಮ್ಮಿ ಇದ್ದಾಗ ಪಂಪ್ ಹಾಕಬಾರದು. ಹಾಕಿದರೆ ಮೋಟರ್ ಜಾಸ್ತಿ ಆಂಪ್ಸ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕಾಯಿಲ್ ಸುಡುತ್ತದೆ. ಆಮೇಲೆ ರಿವೈಂಡಿಂಗ್ ಅಂಗಡಿಗೆ ಓಡಾಟ. ಅಷ್ಟೇ ಶಕ್ತಿಯನ್ನು ಎರಡರಷ್ಟು ವೋಲ್ಟೇಜ್‌ನಲ್ಲಿ ಕಳಿಸಿದರೆ ಆಂಪ್ಸ್ ಅರ್ಧ ಸಾಕು. ಅದೇ ವೈರಿನಲ್ಲಿ ಬಿಸಿಯಾಗಿ ಪೋಲಾಗುವುದು ನಾಲ್ಕನೇ ಒಂದು ಭಾಗ ಮಾತ್ರ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟ್ ತಂದರಲ್ಲ, ಆಗಲೂ ವೋಲ್ಟೇಜ್ ಏರಿಸಿಯೇ ಕಳಿಸಿದ್ದು. ಇಲ್ಲದಿದ್ದರೆ ದಾರಿಯಲ್ಲೇ ಅದರ ಬಹುಪಾಲು ಬಿಸಿಯಾಗಿ ಹೋಗುತ್ತಿತ್ತು.

ಮಾಡೆಲ್ ಎಸ್ ಸುಮಾರು 400 ವೋಲ್ಟ್‌ನ ಕಾರು. 2019ರಲ್ಲಿ ಬಂದ ಪೋರ್ಷೆ ಟೈಕಾನ್ 800 ವೋಲ್ಟ್. ಅದರ 2024ರ ಮಾದರಿ 320 ಕಿಲೋವ್ಯಾಟ್‌ವರೆಗೆ ಚಾರ್ಜ್ ತೆಗೆದುಕೊಳ್ಳುತ್ತದೆ. ಮಾಡೆಲ್ ಎಸ್ 250ಕ್ಕೆ ನಿಲ್ಲುತ್ತದೆ. ದಾರಿಯಲ್ಲಿ ಚಾರ್ಜ್‌ಗೆ ಕಾಯುವವರಿಗೆ ಈ ಅಂತರ ಚೆನ್ನಾಗಿ ಗೊತ್ತಾಗುತ್ತದೆ. ರಾತ್ರಿ ಅಪ್‌ಡೇಟ್ ಹಾಕಿ ಬೆಳಿಗ್ಗೆ 400 ಅನ್ನು 800 ಮಾಡಲು ಆಗುವುದಿಲ್ಲ. ಬ್ಯಾಟರಿ, ಮೋಟರ್, ಚಾರ್ಜರ್ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು.

ಎರಡನೆಯದು ಹಿಂದಿನ ಸೀಟು. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಕಳೆದ ವರ್ಷ ಪರಿಚಯದವರ ಎಲೆಕ್ಟ್ರಿಕ್ ಸೆಡಾನ್‌ನಲ್ಲಿ ಅಮ್ಮನನ್ನು ಕುರುಡುಮಲೆ ಗಣಪತಿ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಯಾವ ಕಂಪನಿಯ ಕಾರು ಅನ್ನುವುದು ಇಲ್ಲಿ ಬೇಡ. ಕಾರು ತುಂಬಾ ನಯವಾಗಿ ಓಡಿತು. ಆದರೆ ಮುಳಬಾಗಿಲು ಬರುವಷ್ಟರಲ್ಲಿ ಅಮ್ಮ ಎರಡು ಸಲ "ಸ್ವಲ್ಪ ನಿಲ್ಲಿಸಪ್ಪ, ಕಾಲು ಚಾಚ್ಕೋತೀನಿ" ಅಂದರು. ಬ್ಯಾಟರಿ ನೆಲದಡಿಯಲ್ಲಿ ಇರುವುದರಿಂದ ನೆಲ ಮೇಲೆ ಬರುತ್ತದೆ. ಚಾವಣಿ ತಗ್ಗಿರಬೇಕು ಅಂತ ಸೀಟು ಕೆಳಗೆ ಹೋಗುತ್ತದೆ. ಕೊನೆಗೆ ಕೂತವರ ಮೊಣಕಾಲು ಮೇಲೇಳುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಮಂಡಿನೋವು ಇರುವವರಿಗೆ ಅದು ಶಿಕ್ಷೆ. ಮಾಡೆಲ್ ಎಸ್‌ನ ಹಿಂದಿನ ಸೀಟಿನ ಬಗ್ಗೆಯೂ ವಿಮರ್ಶಕರು ಮೊದಲಿನಿಂದ ಇದೇ ಮಾತು ಹೇಳಿದ್ದಾರೆ. ಇದಕ್ಕೆ ದಾರಿ ಇಲ್ಲ ಅಂತಲ್ಲ. ಟೈಕಾನ್‌ನಲ್ಲಿ ಹಿಂದೆ ಕೂತವರ ಪಾದ ಇಡುವ ಕಡೆ ಬ್ಯಾಟರಿಯನ್ನೇ ಬಿಟ್ಟು ಗುಂಡಿ ಮಾಡಿದ್ದಾರೆ. ಅಂಥದ್ದನ್ನು ಹೊಸ ಅಸ್ಥಿಪಂಜರದಲ್ಲಿ ಮಾತ್ರ ಮಾಡಬಹುದು.

ಮೂರನೆಯದು ಕೈಗೆ ಸಿಗುವ ಲಿವರ್ ಮತ್ತು ಬಟನ್. 2021ರಲ್ಲಿ ಮಾಡೆಲ್ ಎಸ್‌ನ ಇಂಡಿಕೇಟರ್ ಲಿವರ್ ತೆಗೆದು ಸ್ಟೀರಿಂಗ್ ಮೇಲೆ ಸ್ಪರ್ಶದ ಬಟನ್ ಕೊಟ್ಟರು. ಹಾರ್ನ್ ಕೂಡ ಆಗ ಪುಟ್ಟ ಬಟನ್. ಸ್ಟೀರಿಂಗ್ ತಿರುಗಿದರೆ ಬಟನ್ ಕೂಡ ತಿರುಗುತ್ತದೆ. ಟೊಮೆಟೊ ಸೀಸನ್‌ನಲ್ಲಿ ಕೋಲಾರ ಎಪಿಎಂಸಿ ಮುಂದೆ ಲಾರಿಗಳ ನಡುವೆ ತಿರುಗಿಸುವಾಗ ಹಾರ್ನ್ ಎಲ್ಲಿದೆ ಅಂತ ಹುಡುಕಿಕೊಂಡು ಕೂರಲು ಆಗುತ್ತದಾ? ಕಣ್ಣು ರಸ್ತೆ ಮೇಲಿರುವಾಗ ಬೆರಳಿಗೆ ತಾನಾಗಿ ಸಿಗಬೇಕು. 2025ರ ಮಾಡೆಲ್ ವೈನಲ್ಲಿ ಅದೇ ಕಂಪನಿ ಇಂಡಿಕೇಟರ್ ಲಿವರ್ ಉಳಿಸಿಕೊಂಡಿತು. ನನಗೆ ತುಂಬಾ ಖುಷಿಯಾಯಿತು.

ವೈರಿಂಗ್ ಬಗ್ಗೆಯೂ ಒಂದು ಮಾತು. ದೀಪ, ಕಿಟಕಿ, ವೈಪರ್‌ಗಳಿಗೆ ಹಳೆಯ ಮಾಡೆಲ್ ಎಸ್ 12 ವೋಲ್ಟ್ ಬಳಸುತ್ತಿತ್ತು. ಅದೇ ಕಂಪನಿಯ ಪಿಕಪ್ ಗಾಡಿ ಸೈಬರ್‌ಟ್ರಕ್‌ನಲ್ಲಿ ಅದು 48 ಆಯಿತು. ಪಂಪ್‌ಸೆಟ್ ಲೆಕ್ಕವೇ ಇಲ್ಲೂ: ವೈರು ಸಣ್ಣದು, ತಾಮ್ರ ಕಮ್ಮಿ.

ಇನ್ನು ಸಾಫ್ಟ್‌ವೇರ್ ಎಲ್ಲ ಸರಿಮಾಡುತ್ತದೆ ಅನ್ನುವ ನಂಬಿಕೆ. 2021ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸುಮಾರು 1 ಲಕ್ಷ 35 ಸಾವಿರ ಹಳೆಯ ಮಾಡೆಲ್ ಎಸ್, ಎಕ್ಸ್ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಯಬೇಕಾಯಿತು. ಒಳಗಿನ 8 ಜಿಬಿ ಮೆಮರಿ ಚಿಪ್ ಬರೆದು ಬರೆದು ಸವೆದುಹೋಗಿತ್ತು. ಚಿಪ್ ಸತ್ತರೆ ಸ್ಕ್ರೀನ್ ಕಪ್ಪು, ಹಿಂದಿನ ಕ್ಯಾಮೆರಾ ಕೂಡ ಇಲ್ಲ. ಅಪ್‌ಡೇಟ್ ಬಂದು ಕೂರಲು ಒಂದು ಜಾಗ ಬೇಕು. ಆ ಜಾಗಕ್ಕೇ ವಯಸ್ಸಾಗುತ್ತದೆ.

ಹಾಗಾದರೆ ಭಾವ ಕಾಯುತ್ತಿದ್ದ ಕಾರು ಬರುತ್ತದಾ? ಇಲ್ಲ. 2026ರ ಜನವರಿಯಲ್ಲಿ ಕಂಪನಿ ಮಾಡೆಲ್ ಎಸ್, ಎಕ್ಸ್ ಎರಡರ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿತು. ಫ್ರೀಮಾಂಟ್ ಕಾರ್ಖಾನೆಯ ಆ ಜಾಗದಲ್ಲಿ ರೋಬೋಟ್ ಮಾಡುತ್ತಾರಂತೆ. ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. 2023ರಲ್ಲಿ ಕಂಪನಿ 18 ಲಕ್ಷ ಕಾರು ಕೊಟ್ಟಿತು. ಅದರಲ್ಲಿ ಮಾಡೆಲ್ 3, ವೈ ಬಿಟ್ಟು ಉಳಿದವು ಸುಮಾರು 69 ಸಾವಿರ ಮಾತ್ರ. ಅಷ್ಟಕ್ಕಾಗಿ ಹೊಸ ಅಸ್ಥಿಪಂಜರಕ್ಕೆ ಹಣ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ನನಗಂತೂ ಬೇಜಾರಾಯಿತು. ಎಲೆಕ್ಟ್ರಿಕ್ ಕಾರು ಅಂದರೆ ಗಾಲ್ಫ್ ಮೈದಾನದ ಬಂಡಿ ಅಂದುಕೊಂಡಿದ್ದ ಜನರ ಮನಸ್ಸು ಬದಲಾಯಿಸಿದ ಕಾರು ಅದು. ಒಂದು ಎರಡನೇ ಜನ್ಮ ಸಿಗಬೇಕಿತ್ತು.

ಭಾವನಿಗೆ ಹೀಗೆ ಹೇಳಿ. 2014ರ ಕಾರಿನ 8 ವರ್ಷದ ಬ್ಯಾಟರಿ ವಾರಂಟಿ ಮುಗಿದಿದೆ. ಆ ಮೆಮರಿ ಚಿಪ್ ಬದಲಾಗಿದೆಯಾ ಅಂತ ಮೊದಲು ವಿಚಾರಿಸಲಿ. ಬ್ಯಾಟರಿ ಚೆನ್ನಾಗಿದ್ದರೆ ಸುಮ್ನೆ ಮಾರುವುದು ಬೇಡ, ಓಡಿಸಲಿ. ಮುಂದೆ ಬೇರೆ ಯಾವ ಕಂಪನಿಯ ಕಾರು ನೋಡಲು ಹೋದರೂ ಸ್ಕ್ರೀನ್ ಮುಟ್ಟುವ ಮೊದಲು ಅಕ್ಕನನ್ನು ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರಿಸಿ ಒಂದು ಸುತ್ತು ಹೋಗಿ ಬರಲಿ.